ದುಡ್ಡು ಹಾಕುವ ಮುಂಚೆ ಅದರ ಮೇಲೊಂದು ತಾರೀಖು ಬರೆಯಿರಿ

ನಾನು ಜೀವನದಲ್ಲಿ ಮೊದಲ ಸಲ ಹೂಡಿಕೆ ಅಂತ ಮಾಡಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಆಫೀಸಿನಲ್ಲಿ ಟ್ಯಾಕ್ಸ್ ಪ್ರೂಫ್ ಕೊಡಲು ಎರಡೇ ದಿನ ಉಳಿದಿತ್ತು. ಪರಿಚಯದ ಏಜೆಂಟ್ ಒಬ್ಬರು ಬಂದರು. "ವರ್ಷಕ್ಕೆ 30,000 ಕಟ್ಟಿ ಸಾರ್. 20 ವರ್ಷಕ್ಕೆ ನೀವು ಕಟ್ಟೋದು 6 ಲಕ್ಷ, ಕೈಗೆ ಬರೋದು 11 ಲಕ್ಷ, ಜೊತೆಗೆ ಇನ್ಶೂರೆನ್ಸ್ ಬೇರೆ" ಅಂದರು. ಹತ್ತಿರ ಹತ್ತಿರ ಡಬ್ಬಲ್, ಅಲ್ವಾ? ಅವರು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ.

ಲೆಕ್ಕ ಹಾಕಿದ್ದು ಮೂರು ವರ್ಷ ಕಟ್ಟಿದ ಮೇಲೆ. ಎಕ್ಸೆಲ್‌ನಲ್ಲಿ ರೇಟ್ ಅಂತ ಒಂದು ಫಾರ್ಮುಲಾ ಇದೆ. ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಕಟ್ಟುತ್ತೀರಿ, ಕೊನೆಗೆ ಎಷ್ಟು ಬರುತ್ತದೆ ಅಂತ ಕೊಟ್ಟರೆ ನಿಜವಾದ ಬಡ್ಡಿ ದರ ಹೇಳಿಬಿಡುತ್ತದೆ. ನನ್ನ ಪಾಲಿಸಿಗೆ ಬಂದ ಉತ್ತರ ಸುಮಾರು ಶೇ 5.5. ಅದೇ 30,000ವನ್ನು ಅದೇ 20 ವರ್ಷ ಪಿಪಿಎಫ್‌ಗೆ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಹಾಕಿ, ದರ ಈಗಿನ ಶೇ 7.1ರಲ್ಲೇ ನಿಂತಿದ್ದರೆ 13 ಲಕ್ಷ ದಾಟುತ್ತಿತ್ತು. ಇನ್ನು ಇನ್ಶೂರೆನ್ಸ್ ವಿಷಯ ಕೇಳಲೇಬೇಡಿ. ನಾನು ಸತ್ತರೆ ಮನೆಯವರಿಗೆ ಸಿಗುತ್ತಿದ್ದ ದುಡ್ಡಲ್ಲಿ ಅವರು ಎರಡು ವರ್ಷ ತಳ್ಳುವುದೂ ಕಷ್ಟವಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ, ಉಳಿತಾಯ, ಇನ್ಶೂರೆನ್ಸ್ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಎರಡು ಕೆಲಸವೂ ಆಗುವುದಿಲ್ಲ. ಪಾಲಿಸಿ ವಾಪಸ್ ಕೊಟ್ಟೆ. ಕಟ್ಟಿದ 90,000ದಲ್ಲಿ ಅರ್ಧಕ್ಕಿಂತ ಕಡಿಮೆ ಕೈಗೆ ಬಂತು.

ತಪ್ಪು ಏಜೆಂಟರದ್ದು ಮಾತ್ರ ಅಲ್ಲ. "ಈ ದುಡ್ಡು ನನಗೆ ಯಾವಾಗ ಬೇಕು?" ಅಂತ ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಈಗ ಯಾರಾದರೂ ಎಲ್ಲಿ ದುಡ್ಡು ಹಾಕಲಿ ಅಂತ ಕೇಳಿದರೆ ನಾನು ಮೊದಲು ತಾರೀಖು ಕೇಳುತ್ತೇನೆ. ತಾರೀಖು ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಒಂದು ಹಾಳೆ, ಒಂದು ಪೆನ್ನು

ಹೋದ ವರ್ಷ ನಮ್ಮ ಚಿಕ್ಕಮ್ಮನ ಮಗನಿಗೆ ಕೆಲಸ ಸಿಕ್ಕಿತು. ಸಂಬಳ ಬಂದ ದಿನವೇ ಫೋನ್. "ಅಣ್ಣ, ಯಾವ ಶೇರ್ ತಗೊಳ್ಲಿ?" ಕೂಸು ಹುಟ್ಟುವ ಮುಂಚೆ ಕುಲಾವಿ. ಭಾನುವಾರ ಮನೆಗೆ ಬಾ ಅಂದೆ, ಹಾಳೆ ಕೊಟ್ಟು ಕೂರಿಸಿದೆ.

ಕೈಗೆ ಬರುವುದು 32,000. ರೂಮು, ಊಟ, ಬಸ್ಸು, ಮನೆಗೆ ಕಳಿಸುವುದು ಎಲ್ಲ ಕಳೆದು ತಿಂಗಳಿಗೆ 9,000 ಉಳಿಯುತ್ತದೆ ಅಂದ. ಅದರಲ್ಲಿ ಏನೇನು ಮಾಡಬೇಕು ಅಂತ ಬರೆಸಿದೆ. ಮೂರು ಸಾಲು ಬಂತು. ಒಂದು, ಕೆಲಸ ಹೋದರೆ ಅಥವಾ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ ಹೋದರೆ: ತಾರೀಖು ನಾಳೆಯೂ ಆಗಬಹುದು. ಎರಡು, ತಂಗಿ ಮದುವೆ: ಇನ್ನು ಮೂರು ವರ್ಷ. ಮೂರನೆಯದಕ್ಕೆ ಅವನು ಸುಮ್ನೆ "ದುಡ್ಡು ಬೆಳೆಸೋದು" ಅಂತ ಬರೆದಿದ್ದ, ಮುಂದೆ ಏನೂ ಇರಲಿಲ್ಲ. ಅಂದರೆ ಹತ್ತು ಹದಿನೈದು ವರ್ಷ ಮುಟ್ಟುವ ಅಗತ್ಯ ಇಲ್ಲ. ಶೇರು ಮಾರುಕಟ್ಟೆಯ ಸುದ್ದಿಗೆ ಹೋಗಬಹುದಾದದ್ದು ಆ ಕೊನೆಯ ಸಾಲು ಮಾತ್ರ.

ನೀವೂ ಇದನ್ನು ಮೊಬೈಲ್‌ನಲ್ಲಿ ಬೇಡ, ಹಾಳೆಯ ಮೇಲೆ ಮಾಡಿ. ತಿಂಗಳ ಖರ್ಚು ಬರೆಯುವಾಗ ನೆನಪಿನಿಂದ ಬರೆಯಬೇಡಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಳ್ಳಿ, ಯಾಕಂದ್ರೆ ಅವನು 9,000 ಉಳಿಯುತ್ತೆ ಅಂದಿದ್ದು ಸ್ಟೇಟ್‌ಮೆಂಟ್ ನೋಡಿದಾಗ 7,000ವೂ ಇರಲಿಲ್ಲ, ಎರಡು ಸಾವಿರ ಫೋನ್‌ಪೇ ಗೂಗಲ್‌ಪೇನಲ್ಲಿ ನಲವತ್ತು ಐವತ್ತು ರೂಪಾಯಿಯ ಚೂರುಗಳಾಗಿ ಹೋಗುತ್ತಿತ್ತು. ಆಮೇಲೆ ಅವನೇ ಮನಸ್ಸು ಮಾಡಿ ಅದನ್ನು ಮತ್ತೆ 9,000ಕ್ಕೆ ತಂದ.

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಇಲ್ಲೇ ನಿಲ್ಲಿಸಿ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3ರಿಂದ 3.5ರ ಹಾಗೆ ಬಡ್ಡಿ ಬೀಳುತ್ತದೆ, ವರ್ಷಕ್ಕೆ ಶೇ 36 ದಾಟಿತು. ಅಷ್ಟು ಗಳಿಸಿಕೊಡುವ ಹೂಡಿಕೆ ಯಾವುದೂ ಇಲ್ಲ. ಮೊದಲು ಅದನ್ನು ತೀರಿಸಿ.

ನಾಳೆಯೇ ಬೇಕಾಗಬಹುದಾದ ದುಡ್ಡು

ನಾಲ್ಕರಿಂದ ಆರು ತಿಂಗಳ ಖರ್ಚು. ಆಪತ್ತಿಗೆ ಆದದ್ದೇ ದುಡ್ಡು, ಅದಕ್ಕೆ ಎಷ್ಟು ಬಡ್ಡಿ ಬಂತು ಅಂತ ಯಾರೂ ಕೇಳುವುದಿಲ್ಲ. ಒಂದು ತಿಂಗಳದ್ದು ಉಳಿತಾಯ ಖಾತೆಯಲ್ಲಿ, ಉಳಿದದ್ದು ಎಫ್‌ಡಿಯಲ್ಲಿ. ಎಫ್‌ಡಿ ಮಾಡುವಾಗ ಒಂದೇ ದೊಡ್ಡ ಎಫ್‌ಡಿ ಮಾಡಬೇಡಿ. 80,000 ಇದ್ದರೆ 20,000ದ ನಾಲ್ಕು ಮಾಡಿ. ತುರ್ತಿಗೆ 15,000 ಬೇಕಾದಾಗ ಒಂದನ್ನು ಮಾತ್ರ ಮುರಿಯಬಹುದು, ಅವಧಿಗೆ ಮುಂಚೆ ಮುರಿದದ್ದಕ್ಕೆ ಬಡ್ಡಿ ಕಡಿತ ಆಗುವುದೂ ಅದೊಂದಕ್ಕೇ. ಇಷ್ಟು ಸಣ್ಣ ವಿಷಯ ನನಗೆ ಬ್ಯಾಂಕಿನಲ್ಲಿ ಯಾರೂ ಹೇಳಿರಲಿಲ್ಲ.

ಆರೋಗ್ಯ ವಿಮೆ ಇಲ್ಲದಿದ್ದರೆ ಈ ದುಡ್ಡು ಒಂದೇ ಆಸ್ಪತ್ರೆ ಬಿಲ್ಲಿಗೆ ಮುಗಿಯುತ್ತದೆ, ಹಾಗಾಗಿ ಅದೂ ಇದರ ಜೊತೆಯದ್ದೇ. ನಿಮ್ಮ ಸಂಬಳದ ಮೇಲೆ ಯಾರಾದರೂ ಬದುಕುತ್ತಿದ್ದರೆ ಟರ್ಮ್ ಇನ್ಶೂರೆನ್ಸ್ ಬೇಕು. ಬದುಕಿದ್ದರೆ ಏನೂ ವಾಪಸ್ ಬರಲ್ಲ ಅನ್ನುವ ಪಾಲಿಸಿ ಅದು, ಅದಕ್ಕೇ ಅಗ್ಗ. ನನ್ನ ಹಾಗೆ ಯಾವುದೋ ಪಾಲಿಸಿಗೆ ಈಗಷ್ಟೇ ಸಹಿ ಹಾಕಿ ಪಶ್ಚಾತ್ತಾಪ ಪಡುತ್ತಿದ್ದೀರಾ? ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡುವ ಹಕ್ಕು ನಿಮಗಿದೆ. ಸಣ್ಣಪುಟ್ಟ ಕಡಿತ ಬಿಟ್ಟು ದುಡ್ಡು ಬರುತ್ತದೆ. ಏಜೆಂಟ್ ನೆಂಟರೇ ಆಗಿದ್ದರೂ ಕೊಡಿ.

ಒಂದರಿಂದ ಮೂರು ವರ್ಷದ ದುಡ್ಡು

ಇಲ್ಲಿ ಜಾಣತನ ಬೇಡ. ಬ್ಯಾಂಕ್ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ), ಎಫ್‌ಡಿ, ಇಲ್ಲವೇ ಅಂಚೆ ಕಚೇರಿಯ ಒಂದು, ಎರಡು, ಮೂರು ವರ್ಷದ ಠೇವಣಿ. ಅಂಚೆ ಕಚೇರಿ ಆರ್‌ಡಿ ಐದು ವರ್ಷದ್ದು, ಮೂರು ವರ್ಷದ ಕೆಲಸಕ್ಕೆ ಅದನ್ನು ಹಿಡಿಯಬೇಡಿ. ಸರ್ಕಾರಕ್ಕೇ ನೇರವಾಗಿ ಸಾಲ ಕೊಡುವ ದಾರಿಯೂ ಇದೆ. 2021ರ ನವೆಂಬರ್‌ನಲ್ಲಿ ಆರ್‌ಬಿಐ ಶುರುಮಾಡಿದ ರಿಟೇಲ್ ಡೈರೆಕ್ಟ್‌ನಲ್ಲಿ ಖಾತೆ ತೆರೆದರೆ 91, 182, 364 ದಿನಗಳ ಟ್ರೆಶರಿ ಬಿಲ್ ಸಿಗುತ್ತವೆ, ಕನಿಷ್ಠ 10,000ಕ್ಕೆ. ಖಾತೆಗೆ ಶುಲ್ಕ ಇಲ್ಲ. ಮೊದಲ ಸಲದವರಿಗೆ ಸ್ವಲ್ಪ ತಲೆನೋವು ಅನ್ನಿಸಬಹುದು, ಬಿಟ್ಟರೂ ನಷ್ಟವಿಲ್ಲ.

ಠೇವಣಿ ಇಡುವಾಗ ನೋಡಬೇಕಾದದ್ದು ಬಡ್ಡಿಗಿಂತ ಮೊದಲು ಒಂದು ಹೆಸರು: ಡಿಐಸಿಜಿಸಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಎಲ್ಲ ಸೇರಿ 5 ಲಕ್ಷದವರೆಗೆ ಕೊಡುವುದು ಇದೇ ವಿಮೆ. 2020ರ ಫೆಬ್ರವರಿಗೆ ಮುಂಚೆ ಇದು 1 ಲಕ್ಷ ಮಾತ್ರ ಇತ್ತು. ಒಂದೇ ಬ್ಯಾಂಕಿನ ಮೂರು ಶಾಖೆಯಲ್ಲಿ ಐದೈದು ಲಕ್ಷ ಇಟ್ಟರೂ ಲೆಕ್ಕಕ್ಕೆ ಒಂದೇ 5 ಲಕ್ಷ. ಬೇರೆ ಬೇರೆ ಬ್ಯಾಂಕ್ ಆದರೆ ಬೇರೆ ಬೇರೆ ಲೆಕ್ಕ.

ನಮ್ಮ ಕಡೆ ಜನ ಎಡವುವುದು ಇಲ್ಲೇ. ಸಹಕಾರಿ ಬ್ಯಾಂಕಿಗೆ ಈ ವಿಮೆ ಇದೆ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವೆಲ್ಲ ಬ್ಯಾಂಕ್ ಅಲ್ಲ, ಅವಕ್ಕೆ ಇಲ್ಲ. ಹೊರಗೆ ಬೋರ್ಡು ಒಂದೇ ಥರ ಇರುತ್ತದೆ, ಒಳಗೆ ಕೌಂಟರ್ ಒಂದೇ ಥರ, ಪಾಸ್‌ಬುಕ್ಕೂ ಒಂದೇ ಥರ, ಮೇಲಿಂದ ಅಧ್ಯಕ್ಷರು ನಮ್ಮ ಊರಿನವರು, ಬಡ್ಡಿ ಒಂದೂವರೆ ಪರ್ಸೆಂಟ್ ಜಾಸ್ತಿ, ಇಷ್ಟು ಸಾಕು ನಿವೃತ್ತಿಯ ದುಡ್ಡೆಲ್ಲ ಅಲ್ಲಿ ಹೋಗಿ ಕೂರಲು. ಎಲ್ಲ ಸಂಘಗಳೂ ಕೆಟ್ಟವು ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿ ನಡೆಯುವುದು ಬೇಕಾದಷ್ಟಿವೆ. ಆದರೆ ಆ ಒಂದೂವರೆ ಪರ್ಸೆಂಟ್ ಯಾಕೆ ಸಿಗುತ್ತಿದೆ ಅಂತ ಗೊತ್ತಿದ್ದು ಇಡಿ. ಡಿಐಸಿಜಿಸಿ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಹೆಸರು ಹುಡುಕಲು ಎರಡು ನಿಮಿಷ ಬೇಕು.

ಚೀಟಿ? ನೋಂದಣಿ ಆಗಿರುವ ಚೀಟಿಗೆ 1982ರ ಕಾನೂನಿದೆ, ನಡೆಸುವವರ ಕಮಿಷನ್‌ಗೆ ಶೇ 7ರ ಮಿತಿ ಇದೆ. ಬೀದಿಯ ಅಕ್ಕ ನಡೆಸುವ ಚೀಟಿಗೆ ಅವರ ನಂಬಿಕೆ ಬಿಟ್ಟರೆ ಬೇರೇನೂ ಇಲ್ಲ. ಮುಂಚೆಯೇ ಎತ್ತಿಕೊಂಡವರು ಕಟ್ಟುವುದು ನಿಲ್ಲಿಸಿದರೆ ಕೊನೆಯವರೆಗೆ ಕಾದವರೇ ಕಳೆದುಕೊಳ್ಳುವುದು.

ಎಫ್‌ಡಿ ಬಡ್ಡಿಗೆ ತೆರಿಗೆ ಇದೆ ಅನ್ನುವುದನ್ನು ತುಂಬ ಜನ ಮರೆಯುತ್ತಾರೆ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಬ್ಯಾಂಕಿನವರೇ ಅದರಲ್ಲಿ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ, ಹಿರಿಯ ನಾಗರಿಕರಿಗೆ ಇದು 1 ಲಕ್ಷ. ಹಿಡಿಯಲಿಲ್ಲ ಅಂದರೆ ತೆರಿಗೆ ಇಲ್ಲ ಅಂತ ಅಲ್ಲ, ನಿಮ್ಮ ಆದಾಯಕ್ಕೆ ಸೇರಿಸಿ ನಿಮ್ಮ ಸ್ಲ್ಯಾಬ್ ಪ್ರಕಾರ ಕಟ್ಟಬೇಕು. ಶೇ 30ರ ಸ್ಲ್ಯಾಬ್‌ನವರಿಗೆ ಶೇ 7ರ ಎಫ್‌ಡಿ ಕೈಗೆ ಬರುವುದು ಶೇ 4.9. ಬೆಲೆ ಏರಿಕೆ ಅದಕ್ಕಿಂತ ಜೋರಾಗಿ ಓಡುವ ವರ್ಷಗಳಲ್ಲಿ ದುಡ್ಡು ಪಾಸ್‌ಬುಕ್‌ನಲ್ಲಿ ಬೆಳೆಯುತ್ತದೆ, ಅಂಗಡಿಯಲ್ಲಿ ಕುಗ್ಗುತ್ತದೆ. ಮೂರು ವರ್ಷಕ್ಕೆ ಅದನ್ನು ಸಹಿಸಿಕೊಳ್ಳಬಹುದು. ಹದಿನೈದು ವರ್ಷಕ್ಕೆ ಸಹಿಸಬಾರದು.

ಹತ್ತು ವರ್ಷ ದಾಟಿದ ದುಡ್ಡು

ಮೊದಲು ಪಿಪಿಎಫ್. 15 ವರ್ಷ, ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ಬಡ್ಡಿಗೆ ತೆರಿಗೆ ಇಲ್ಲ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿಸಿತು. 15 ಆದಮೇಲೆ ಐದೈದು ವರ್ಷ ಮುಂದುವರಿಸಬಹುದು. ಒಂದು ಗುಟ್ಟು: ಬಡ್ಡಿ ಲೆಕ್ಕ ಹಾಕುವುದು ತಿಂಗಳ 5ನೇ ತಾರೀಖಿನಿಂದ ಕೊನೆಯವರೆಗಿನ ಕಡಿಮೆ ಬಾಕಿಯ ಮೇಲೆ. 6ಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯಿತು. ಹಾಗಾಗಿ 5ರೊಳಗೆ ಕಟ್ಟಿ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ನೋಡಿ. ಸಂಬಳದಿಂದ ಪಿಎಫ್ ಕಟ್ ಆಗುತ್ತಿದ್ದರೆ ಅದೂ ಇದೇ ಗುಂಪಿನದು, ಕೆಲಸ ಬಿಟ್ಟಾಗಲೆಲ್ಲ ಅದನ್ನು ತೆಗೆದು ಟಿವಿ ತರಬೇಡಿ.

ಆಮೇಲೆ ಮ್ಯೂಚುವಲ್ ಫಂಡ್, ಅಂದರೆ ತುಂಬ ಜನರ ದುಡ್ಡು ಒಟ್ಟು ಸೇರಿಸಿ ಶೇರು, ಬಾಂಡುಗಳಲ್ಲಿ ಹಾಕುವುದು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಸಾವಿರಾರು ಫಂಡುಗಳಿವೆ, ಮೊದಲ ಸಲದವರಿಗೆ ಬೇಕಾದದ್ದು ಒಂದೇ ಒಂದು. ನನ್ನ ಪ್ರಕಾರ ಅದು ನಿಫ್ಟಿ 50 ಇಂಡೆಕ್ಸ್ ಫಂಡ್. ನಿಫ್ಟಿ ಅಂದರೆ ದೇಶದ ದೊಡ್ಡ 50 ಕಂಪನಿಗಳ ಶೇರುಗಳ ಏರಿಳಿತ ಅಳೆಯುವ ಸೂಚ್ಯಂಕ, ಆ ಶೇರುಗಳನ್ನು ಅದರಲ್ಲಿ ಇರುವ ಪ್ರಮಾಣದಲ್ಲೇ ಈ ಫಂಡ್ ಇಟ್ಟುಕೊಳ್ಳುತ್ತದೆ. ಯಾವುದನ್ನು ಕೊಳ್ಳಬೇಕು ಅಂತ ತಲೆ ಕೆಡಿಸಿಕೊಳ್ಳುವ ದುಬಾರಿ ಮ್ಯಾನೇಜರ್ ಬೇಕಿಲ್ಲ, ಅದಕ್ಕೇ ಖರ್ಚು ಕಡಿಮೆ. ಸ್ಮಾಲ್ ಕ್ಯಾಪ್ ಹೋದ ವರ್ಷ ಅಷ್ಟು ಕೊಟ್ಟಿತು ಇಷ್ಟು ಕೊಟ್ಟಿತು ಅಂತ ಯಾರೋ ಹೇಳುತ್ತಾರೆ. ಮಾರುಕಟ್ಟೆ ಮೌಲ್ಯದಲ್ಲಿ 251ನೇ ಸ್ಥಾನದಿಂದ ಕೆಳಗಿನ ಕಂಪನಿಗಳು ಅವು, ಏರುವ ಹಾಗೇ ಬೀಳುತ್ತವೆ ಕೂಡ. ಎರಡು ವರ್ಷ ಕಳೆದು ನಿಮ್ಮ ಹೊಟ್ಟೆ ಗಟ್ಟಿಯಾದ ಮೇಲೆ ಯೋಚಿಸಿ.

ಶುರು ಮಾಡುವುದು ಹೇಗೆ? ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇದ್ದರೆ ಸಾಕು. ಶೇರುಗಳನ್ನು ಇಡುವ ಡಿಮ್ಯಾಟ್ ಖಾತೆ ಬೇಕಾಗಿಲ್ಲ. ಫಂಡ್ ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ಕೆವೈಸಿ (ಗುರುತಿನ ಪರಿಶೀಲನೆ) ಮುಗಿಸಿ. ಪ್ಯಾನ್‌ನಲ್ಲಿ ಇರುವ ಹೆಸರು, ಆಧಾರ್‌ನಲ್ಲಿ ಇರುವ ಹೆಸರು ಅಕ್ಷರ ಅಕ್ಷರ ಕೂಡಬೇಕು. ಅಪ್ಪನ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್ ಇದ್ದು ಕೆವೈಸಿ ವಾರಗಟ್ಟಲೆ ನೇತಾಡಿದ್ದನ್ನು ನಾನೇ ಅನುಭವಿಸಿದ್ದೇನೆ. ಆಮೇಲೆ ಫಂಡ್ ಆರಿಸುವಾಗ ಎರಡು ಪದ ನೋಡಿ: ಡೈರೆಕ್ಟ್, ಗ್ರೋತ್. ಇವೆರಡೂ ಹೆಸರಿನಲ್ಲಿ ಇರಬೇಕು. ಗ್ರೋತ್ ಅಂದರೆ ಲಾಭ ಒಳಗೇ ಉಳಿದು ಬೆಳೆಯುತ್ತದೆ. ಡೈರೆಕ್ಟ್ ಅಂದರೆ ನಡುವಿನವರ ಕಮಿಷನ್ ಇಲ್ಲ. 2013ರ ಜನವರಿಯಿಂದ ಎಲ್ಲ ಫಂಡಿಗೂ ಡೈರೆಕ್ಟ್ ಪ್ಲಾನ್ ಇದೆ. ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್ ಕೊಡುವುದು ಸಾಮಾನ್ಯವಾಗಿ ಕಮಿಷನ್ ಸೇರಿರುವ ರೆಗ್ಯುಲರ್ ಪ್ಲಾನ್, ಅವರು ಡೈರೆಕ್ಟ್ ಬಗ್ಗೆ ಯಾಕೆ ಹೇಳುತ್ತಾರೆ?

ಎಷ್ಟೋ ಫಂಡುಗಳಲ್ಲಿ ಇವೆರಡರ ಖರ್ಚಿನ ಅಂತರ ವರ್ಷಕ್ಕೆ ಒಂದು ಪರ್ಸೆಂಟ್ ಹತ್ತಿರ ಇರುತ್ತದೆ. ಒಂದೇ ತಾನೇ ಅನ್ನಿಸುತ್ತದೆ. ತಿಂಗಳಿಗೆ 5,000ದಂತೆ 20 ವರ್ಷ ಕಟ್ಟಿದಿರಿ ಅಂದುಕೊಳ್ಳಿ, ಕಟ್ಟಿದ್ದು 12 ಲಕ್ಷ. ವರ್ಷಕ್ಕೆ ಶೇ 12 ಬೆಳೆದರೆ ಸುಮಾರು 50 ಲಕ್ಷ ಆಗುತ್ತದೆ. ಶೇ 11 ಆದರೆ ಸುಮಾರು 43.7 ಲಕ್ಷ. ಶೇ 12 ಬಂದೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಯಾರೂ ಹೇಳಬಾರದು. ಆ ಒಂದು ಪರ್ಸೆಂಟಿನ ಬೆಲೆ ನೋಡಿ ಅಷ್ಟೇ: ನೀವು ಕಟ್ಟಿದ ಅಸಲಿನ ಅರ್ಧಕ್ಕಿಂತ ಜಾಸ್ತಿ.

ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ತಾನಾಗಿ ಹೋಗುವ ಕಂತು) ತಾರೀಖು ಸಂಬಳ ಬಂದ ಮಾರನೇ ದಿನಕ್ಕೆ ಇಡಿ, ತಿಂಗಳ ಕೊನೆಗೆ ಇಟ್ಟರೆ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ತಪ್ಪುತ್ತದೆ, ಬ್ಯಾಂಕ್ ಬೇರೆ ದಂಡ ಹಾಕುತ್ತದೆ. ಮಾರುಕಟ್ಟೆ ಬಿದ್ದಾಗ ಎಸ್‌ಐಪಿ ನಿಲ್ಲಿಸಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಬೀಳುವುದು ಅಂದರೆ ಹೇಗಿರುತ್ತದೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು. 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂದು ನಿಂತಿತ್ತು. ಎರಡು ತಿಂಗಳಲ್ಲಿ ಒಂದು ಲಕ್ಷ ಸುಮಾರು 62,000 ಆಯಿತು. ಆ ಸಲ ನವೆಂಬರ್‌ಗೆಲ್ಲ ಮೊದಲಿನ ಮಟ್ಟಕ್ಕೆ ಬಂತು. ಪ್ರತಿ ಸಲ ಅಷ್ಟು ಬೇಗ ಬರುವುದಿಲ್ಲ: 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಇನ್ನೊಂದು ಸೂಚ್ಯಂಕ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ದ ಕೆಳಗೆ ಇಳಿಯಿತು, ಮತ್ತೆ 21,000 ನೋಡಲು 2010ರ ನವೆಂಬರ್‌ವರೆಗೆ ಕಾಯಬೇಕಾಯಿತು. ತಂಗಿ ಮದುವೆಯ ದುಡ್ಡು ಅಲ್ಲಿದ್ದು, ಮದುವೆ 2009ರ ಫೆಬ್ರವರಿಯಲ್ಲಿ ಇದ್ದಿದ್ದರೆ? ತಾರೀಖು ಬರೆಯಿರಿ ಅಂತ ನಾನು ಜೀವ ತಿನ್ನುವುದು ಇದಕ್ಕೇ.

ತೆರಿಗೆ ಹೀಗಿದೆ. ಶೇರು ಫಂಡನ್ನು ಒಂದು ವರ್ಷ ದಾಟಿ ಮಾರಿದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ವರ್ಷದೊಳಗೆ ಮಾರಿದರೆ ಶೇ 20. ಈ ದರಗಳು 2024ರ ಜುಲೈ 23ರಿಂದ ಬಂದವು. ಇಎಲ್‌ಎಸ್‌ಎಸ್ ಅನ್ನುವ ತೆರಿಗೆ ಉಳಿಸುವ ಫಂಡಿಗೆ ಮೂರು ವರ್ಷ ಬೀಗ. ನೀವು ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದರೆ ಇಂಥ ಹೂಡಿಕೆ ತೋರಿಸಿ ಪಡೆಯುವ ಹಳೆಯ 1.5 ಲಕ್ಷದ ವಿನಾಯಿತಿಯೇ ಇಲ್ಲ, ಹಾಗಾಗಿ ಮಾರ್ಚ್‌ನಲ್ಲಿ ಯಾರಾದರೂ ಪಾಲಿಸಿ ಹಿಡಿದು ಬಂದರೆ ಟೀ ಕೊಟ್ಟು ಕಳಿಸಿ.

ಮೂರರಿಂದ ಏಳೆಂಟು ವರ್ಷದ ನಡುವಿನ ದುಡ್ಡು? ಬಹುಪಾಲು ಎಫ್‌ಡಿ, ಎನ್‌ಎಸ್‌ಸಿ (ಅಂಚೆ ಕಚೇರಿಯ ಐದು ವರ್ಷದ ಉಳಿತಾಯ ಪತ್ರ), ಸ್ವಲ್ಪ ಇಂಡೆಕ್ಸ್ ಫಂಡ್. ತಾರೀಖು ಹತ್ತಿರ ಬಂದಂತೆ ಫಂಡಿನಿಂದ ಎಫ್‌ಡಿಗೆ ಸರಿಸುತ್ತಾ ಬನ್ನಿ. ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಚಿನ್ನ, ಮತ್ತೆ ಫೋನಿಗೆ ಬರುವ ಲಿಂಕುಗಳು

ಒಡವೆ ಹಾಕಿಕೊಳ್ಳಲು, ಹೂಡಿಕೆಗೆ ಅಲ್ಲ. ಮಜೂರಿ, ವೇಸ್ಟೇಜು ಅಂತ ಕೊಡುವುದು ಮಾರುವಾಗ ವಾಪಸ್ ಬರುವುದಿಲ್ಲ. ಚಿನ್ನವೇ ಬೇಕು ಅಂದರೆ ಗೋಲ್ಡ್ ಇಟಿಎಫ್ (ಚಿನ್ನದಲ್ಲಿ ದುಡ್ಡು ಹಾಕುವ, ಶೇರಿನ ಹಾಗೆ ಕೊಳ್ಳುವ ಫಂಡ್) ಇದೆ, ಆದರೆ ಅದಕ್ಕೆ ಡಿಮ್ಯಾಟ್ ಬೇಕು. ಸರ್ಕಾರದ ಚಿನ್ನದ ಬಾಂಡ್‌ಗಳ ಹೊಸ ಮಾರಾಟ 2024ರ ಫೆಬ್ರವರಿಗೇ ನಿಂತಿತು.

ಆಪ್ಷನ್ಸ್ ಟ್ರೇಡಿಂಗ್, ಅಂದರೆ ಶೇರು ಏರುತ್ತಾ ಇಳಿಯುತ್ತಾ ಅಂತ ಕಟ್ಟುವ ಬಾಜಿಯ ಬಗ್ಗೆ ಒಂದೇ ಅಂಕಿ ಹೇಳುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಹೊರತಂದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿ ಮೀರಿ. ಯೂಟ್ಯೂಬಿನಲ್ಲಿ ಕಾರು ತೋರಿಸುವವರು ಹೇಗೆ ದುಡಿಯುತ್ತಾರೆ ಅಂದರೆ, ಹಲವರು ನಿಮಗೆ ಕೋರ್ಸ್ ಮಾರಿ.

ವಾಟ್ಸಾಪ್, ಟೆಲಿಗ್ರಾಮ್ ಗುಂಪಿಗೆ ಯಾರೋ ಸೇರಿಸಿ, ಒಂದು ಆ್ಯಪ್ ಹಾಕಿಸಿ, ಅದರಲ್ಲಿ ಲಾಭ ತೋರಿಸುತ್ತಾರೆ. ಆ ಅಂಕಿ ಅವರು ಟೈಪ್ ಮಾಡಿದ್ದು. ದುಡ್ಡು ತೆಗೆಯಲು ಹೋದಾಗ "ಮೊದಲು ಟ್ಯಾಕ್ಸ್ ಕಟ್ಟಿ" ಅನ್ನುತ್ತಾರೆ. ಸಲಹೆ ಕೊಡುವವರ, ಬ್ರೋಕರ್‌ಗಳ ನೋಂದಣಿಯನ್ನು ಸೆಬಿ ವೆಬ್‌ಸೈಟಿನಲ್ಲಿ ಹುಡುಕಬಹುದು. ನೋಂದಣಿ ಆದವರ ಮೇಲೆ ದೂರು ಕೊಡಲು ಸ್ಕೋರ್ಸ್ ಪೋರ್ಟಲ್ ಇದೆ. ಮೋಸ ಹೋದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಮ್ಮ ಹುಡುಗನ ಹಾಳೆಗೆ ಬರೋಣ. ಮನೆಗೆ ಕಳಿಸುವುದು ಬಿಟ್ಟರೆ ಅವನ ತಿಂಗಳ ಖರ್ಚು ಸುಮಾರು 20,000, ಹಾಗಾಗಿ ಆಪತ್ತಿಗೆ ನಾಲ್ಕು ತಿಂಗಳದ್ದು 80,000 ಬೇಕಿತ್ತು. ಖಾತೆಯಲ್ಲಿ 25,000 ಇತ್ತು. 6,000ದ ಆರ್‌ಡಿ ಮಾಡಿಸಿದೆ, ಹತ್ತು ತಿಂಗಳಿಗೆ ಕೊರತೆ ತುಂಬುತ್ತದೆ. ಮದುವೆಗೆ 2,000ದ ಇನ್ನೊಂದು ಆರ್‌ಡಿ. ಉಳಿದ 1,000 ಇಂಡೆಕ್ಸ್ ಫಂಡಿಗೆ. "ಬರೀ ಸಾವಿರಾನಾ ಅಣ್ಣ?" ಅಂತ ಮುಖ ಸಣ್ಣ ಮಾಡಿದ. ಆ ಸಾವಿರ ಬಿದ್ದಾಗ ನಿನಗೆ ಹೇಗನ್ನಿಸುತ್ತೆ ನೋಡು, ಹತ್ತು ತಿಂಗಳು ಆದಮೇಲೆ ಆರ್‌ಡಿಯ ಆರು ಸಾವಿರದಲ್ಲಿ ನಾಲ್ಕು ಇತ್ತ ಬರಲಿ, ಎರಡು ಮದುವೆಗೆ ಹೋಗಲಿ ಅಂದೆ. ನಾಲ್ಕನೇ ತಿಂಗಳು ಫೋನ್ ಬಂತು, ಮೂರು ಸಾವಿರದ ಒಂಬೈನೂರು ಆಗಿದೆ, ತೆಗೆದುಬಿಡಲಾ ಅಂತ. ನೂರು ರೂಪಾಯಿಗೆ ಈ ಗಾಬರಿ! ತೆಗೆಯಲಿಲ್ಲ.

ಕೊನೆಗೆ ಕಾಗದದ ಕೆಲಸ. ಪ್ರತಿ ಖಾತೆಗೂ, ಪ್ರತಿ ಎಫ್‌ಡಿಗೂ, ಪ್ರತಿ ಫಂಡಿಗೂ ನಾಮಿನಿ ಹೆಸರು ಇದೆಯಾ ನೋಡಿ. ಮದುವೆಗೆ ಮುಂಚೆ ತೆರೆದ ಖಾತೆ ಆದರೆ ಹಳೆ ಹೆಸರೇ ಉಳಿದಿರುತ್ತದೆ. ಎಲ್ಲೆಲ್ಲಿ ಏನಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದು ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.